ಆರು ಗಂಟೆ, ಸಿ.ಟಿ.

ಬಾಣಂತನಕ್ಕೆ ಹೋದ ಮನೆಯಲ್ಲಿ ಅಜ್ಜಿಗೆ ಕೈತುಂಬ ಕೆಲಸ. ಅಜ್ಜನಿಗೆ ಒಂದೂ ಇಲ್ಲ. ಇದು ನನಗೆ ಗೊತ್ತಾಗಿದ್ದು ಜರ್ಮನಿಯಲ್ಲಿ, ನವೆಂಬರ್ ಚಳಿಯಲ್ಲಿ.

ಮಗಳು, ಅಳಿಯ ಇರುವುದು ಸ್ಟುಟ್‌ಗಾರ್ಟ್ ಕಡೆಯ ಒಂದು ಊರಿನಲ್ಲಿ. ಎರಡು ಕೋಣೆಯ ಮನೆ. ಅಡುಗೆಮನೆಯಲ್ಲಿ ನಿಂತರೆ ಮೆಣಸಿನ ಸಾರಿಗೆ ಅಡ್ಡ, ಹಾಲಿನಲ್ಲಿ ಕೂತರೆ ತೊಟ್ಟಿಲಿಗೆ ಅಡ್ಡ, ಕೋಣೆಗೆ ಹೋದರೆ ಒಣಗಲು ಹಾಕಿದ ಮಗುವಿನ ಬಟ್ಟೆಗಳಿಗೆ ಅಡ್ಡ. "ರೀ, ಸ್ವಲ್ಪ ಎಲ್ಲಾದರೂ ಹೋಗಿ ಬನ್ನಿ" ಅಂದಳು ನನ್ನಾಕೆ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಲ್ಲಿ ಎಲ್ಲಿಗೆ ಹೋಗುವುದು?

ದಾರಿ ತೋರಿಸಿದ್ದು ಅಳಿಯ. "ಮಾವ, ಇಲ್ಲಿ ಯೂನಿವರ್ಸಿಟಿಯಲ್ಲಿ ಸಂಜೆ ಹೊತ್ತು ಸಾರ್ವಜನಿಕ ಉಪನ್ಯಾಸ ಇರುತ್ತೆ. ಯುರೋಪಿನ ರಾಜಕೀಯ, ಸಮಾಜ, ಸಂಸ್ಕೃತಿ ಅಂತ. ಯಾರು ಬೇಕಾದರೂ ಹೋಗಬಹುದು, ಫ್ರೀ. ಹೀಟರ್ ಚೆನ್ನಾಗಿರುತ್ತೆ." ಕೊನೆಯ ಮಾತು ಕೇಳಿದ್ದೇ ನಾನು ಟೋಪಿ ಹಾಕಿಕೊಂಡೆ. ಮೇಲಾಗಿ, ತುಮಕೂರು ಕಡೆಯ ಹೈಸ್ಕೂಲಿನಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಯುರೋಪಿನ ಬಗ್ಗೆ ನನಗೆ ಯಾರು ಏನು ಹೊಸದಾಗಿ ಹೇಳಿಯಾರು?

ಪೋಸ್ಟರ್‌ನಲ್ಲಿ ಸಮಯ 18 ಗಂಟೆ ಅಂತ ಇತ್ತು. ಪಕ್ಕದಲ್ಲಿ ಸಿ.ಟಿ. ಅಂತ ಎರಡು ಅಕ್ಷರ. ಸಿ.ಟಿ. ಅಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಸ್ಕ್ಯಾನ್. ಕಟ್ಟಡದಲ್ಲಿ ಆ ವಿಭಾಗವೂ ಇರಬೇಕು ಅಂದುಕೊಂಡೆ. ಜರ್ಮನ್ನರು ಸಮಯಕ್ಕೆ ಸರಿಯಾಗಿ ಇರುವವರು, ನಮ್ಮ ದೇಶದ ಮಾನ ಉಳಿಸಬೇಕು ಅಂತ ಐದೂಮುಕ್ಕಾಲಿಗೇ ಹೋಗಿ ಕೂತೆ. ಅಷ್ಟು ದೊಡ್ಡ ಹಾಲಿನಲ್ಲಿ ನಾನು ಮತ್ತು ಮೈಕಿನ ವೈರು ಸರಿಮಾಡುವ ಒಬ್ಬ ಹುಡುಗ. ಆರಾಯಿತು. ಆರು ಹತ್ತಾಯಿತು. ಭಾಷಣಕಾರರೂ ಇಲ್ಲ, ಕೇಳುವವರೂ ಇಲ್ಲ. ನನಗೆ ಒಳಗೊಳಗೇ ಖುಷಿ. ಇದೂ ನಮ್ಮೂರಿನ ಪುಸ್ತಕ ಬಿಡುಗಡೆಯ ಥರವೇ! ಇನ್ನೇನು ಶಾಮಿಯಾನದವನು ಬರಬೇಕು ಅನ್ನುವಷ್ಟರಲ್ಲಿ ಜನ ಬಂದರು, ಹಾಲು ತುಂಬಿತು, ಆರೂ ಹದಿನೈದಕ್ಕೆ ಸರಿಯಾಗಿ ಭಾಷಣ ಶುರುವಾಯಿತು.

ಸಿ.ಟಿ. ಅಂದರೆ ಲ್ಯಾಟಿನ್‌ನಲ್ಲಿ 'ಕುಮ್ ಟೆಂಪೋರೆ', ಸಮಯ ಸೇರಿಸಿ ಅಂತ. ಕೈಗಡಿಯಾರ ಇಲ್ಲದ ಕಾಲದಲ್ಲಿ ಊರಿನ ಗಂಟೆ ಹೊಡೆದ ಮೇಲೆ ವಿದ್ಯಾರ್ಥಿಗಳು ಹೊರಟು ಬರಲಿ ಅಂತ ಬಿಟ್ಟ ಕಾಲು ಗಂಟೆ ಅದು. ತಡ ಮಾಡುವುದನ್ನೂ ನಿಮಿಷ ಎಣಿಸಿ ಮಾಡುವ ಜನ ಇವರು.

ಇದು ನನಗೆ ಗೊತ್ತಾಗಿದ್ದು ಆಮೇಲೆ. ಅವತ್ತು ಏನೂ ಗೊತ್ತಾಗಲಿಲ್ಲ, ಯಾಕೆಂದರೆ ಭಾಷಣ ಪೂರ್ತಿ ಜರ್ಮನ್ ಭಾಷೆಯಲ್ಲಿತ್ತು. ಪೋಸ್ಟರ್‌ನಲ್ಲಿ 'ಯುರೋಪ' ಅನ್ನುವ ಪದವೊಂದನ್ನು ಓದಿ ಬಂದವನಿಗೆ ಇನ್ನೇನಾಗಬೇಕು? ನಡುಸಾಲಿನಲ್ಲಿ ಸಿಕ್ಕಿಕೊಂಡಿದ್ದೆ, ಎದ್ದು ಹೋಗುವ ಹಾಗಿಲ್ಲ. ಪರದೆಯ ಮೇಲೆ ಆಗಾಗ 1648 ಅಂತ ಬರುತ್ತಿತ್ತು. ಅದು ಬಂದಾಗಲೆಲ್ಲ ನಾನು ಗಂಭೀರವಾಗಿ ತಲೆಯಾಡಿಸಿದೆ. ಪಕ್ಕದಲ್ಲಿದ್ದ ಬಿಳಿ ಕೂದಲಿನ ಹೆಂಗಸು ನನ್ನನ್ನು ನೋಡಿ, ಅವರೂ ತಲೆಯಾಡಿಸಿದರು. ದೊಡ್ಡ ವಿದ್ವಾಂಸ ಅಂದುಕೊಂಡಿರಬೇಕು.

ಭಾಷಣ ಮುಗಿಯಿತು. ನಾನು ಚಪ್ಪಾಳೆ ತಟ್ಟಲು ಶುರು ಮಾಡಿದೆ. ನಾನೊಬ್ಬನೇ. ಉಳಿದವರೆಲ್ಲ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು, ಟಕ ಟಕ ಅಂತ, ಬಾಗಿಲು ತಟ್ಟಿದ ಹಾಗೆ. ಓಹೋ, ಇದು ನಮಗೆ ಗೊತ್ತಿರುವುದೇ ಅಲ್ವಾ! ವಿಧಾನಸಭೆಯ ಕಲಾಪವನ್ನು ಟೀವಿಯಲ್ಲಿ ಎಷ್ಟು ಸಲ ನೋಡಿಲ್ಲ. ನಮ್ಮ ಶಾಸಕರ ಶೈಲಿಯಲ್ಲಿ, ಅಂಗೈ ಅಗಲಿಸಿ, ಧಡ್ ಧಡ್ ಅಂತ ಕುಟ್ಟಿದೆ. ಆ ಹಾಲಿನಲ್ಲಿ ಒಂದು ಸಾಲಿಗೆಲ್ಲ ಸೇರಿ ಒಂದೇ ಉದ್ದನೆಯ ಮೇಜುಹಲಗೆ. ಪಕ್ಕದವರು ಅದರ ಮೇಲೆ ಕನ್ನಡಕ ಬಿಚ್ಚಿಟ್ಟಿದ್ದರು. ಅದು ಎರಡು ಸಲ ಕುಣಿಯಿತು, ಮೂರನೆಯದಕ್ಕೆ ಮುಂದಿನ ಸಾಲಿನವರ ಹುಡ್ ಜಾಕೆಟ್ಟಿನ ಟೋಪಿಯೊಳಗೆ ಬಿತ್ತು.

ಕನ್ನಡಕ ಒಡೆಯಲಿಲ್ಲ. ಹೀಗೆ ಪರಿಚಯವಾಯಿತು. ಆಚೆ ಜಗುಲಿಯಲ್ಲಿ ಬ್ರೆಟ್ಸೆಲ್ ಮತ್ತು ಸೇಬಿನ ರಸ ಇಟ್ಟಿದ್ದರು. (ಬ್ರೆಟ್ಸೆಲ್ ಅಂದರೆ ಗಂಟು ಹಾಕಿದ ಉಪ್ಪಿನ ಬ್ರೆಡ್ಡು. ನಮ್ಮ ಕೋಡುಬಳೆಗೆ ದೂರದ ನೆಂಟ.) ಅವರು ಇಂಗ್ಲಿಷ್‌ನಲ್ಲಿ ಅವತ್ತಿನ ಭಾಷಣವನ್ನು ನನಗೆ ಮತ್ತೆ ಹೇಳಿದರು. ಪರದೆಯ ಮೇಲಿನ 1648 ಅಂದರೆ ಯುರೋಪಿನ ಮೂವತ್ತು ವರ್ಷದ ಯುದ್ಧ ಮುಗಿದ ವರ್ಷ. ಅದನ್ನು ಮುಗಿಸಲು ಜರ್ಮನಿಯ ವೆಸ್ಟ್‌ಫೇಲಿಯಾದಲ್ಲಿ ಮಾತುಕತೆ ನಡೆಯಿತಲ್ಲ, ಅದು ಒಂದೂರಲ್ಲಿ ನಡೆದದ್ದಲ್ಲವಂತೆ. ಕ್ಯಾಥೊಲಿಕ್ ಕಡೆಯವರಿಗೆ ಮ್ಯೂನ್‌ಸ್ಟರ್, ಪ್ರೊಟೆಸ್ಟೆಂಟ್ ಸ್ವೀಡನ್ನಿನವರಿಗೆ ಓಸ್ನಾಬ್ರ್ಯೂಕ್. ಯಾರು ಮೊದಲು ಒಳಗೆ ಬರಬೇಕು, ಯಾರಿಗೆ ಎಂಥ ಮರ್ಯಾದೆ ಅಂತಲೇ ಬೇಕಾದಷ್ಟು ಜಗಳ. ಇದು ನನಗೆ ತಟ್ಟನೆ ಅರ್ಥವಾಯಿತು. ಬೀಗರು ಒಂದೇ ಛತ್ರದಲ್ಲಿ ಇಳಿಯುವುದಿಲ್ಲ ಅಂದರೆ ಎರಡು ಛತ್ರ ಹಿಡಿಯಲೇಬೇಕು. 31 ವರ್ಷ ಪಾಠ ಮಾಡಿದರೂ ಈ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಎರಡನೆಯ ಸಲ ಹುಷಾರಾದೆ. ಇಂಗ್ಲಿಷ್ ಭಾಷಣವೇ ಅಂತ ಮಗಳಿಂದ ಖಚಿತ ಮಾಡಿಕೊಂಡೆ. ಪೋಸ್ಟರ್‌ನಲ್ಲಿ ನೀಲಿ ಬಾವುಟ, ಹನ್ನೆರಡು ಚಿನ್ನದ ನಕ್ಷತ್ರ. ಯುರೋಪಿಯನ್ ಒಕ್ಕೂಟದವರು ಬರುತ್ತಾರೆ! ನನ್ನ ಬಳಿ ಅವರಿಗೆ ಕೇಳಬೇಕಾದ ಪ್ರಶ್ನೆ ಸಿದ್ಧವಿತ್ತು. ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) 180 ದಿನಕ್ಕೆ 90 ದಿನ ಮಾತ್ರ ಇರಬಹುದು. ನಮ್ಮ ಮೊಮ್ಮಗಳು ಡಾಕ್ಟರು ಹೇಳಿದ ತಾರೀಖಿಗಿಂತ ಹತ್ತು ದಿನ ತಡವಾಗಿ ಹುಟ್ಟಿ ಆ ಲೆಕ್ಕದಲ್ಲಿ ಹತ್ತು ದಿನ ನುಂಗಿದ್ದಳು. ಅದನ್ನು ಯಾರು ತುಂಬಿಕೊಡುತ್ತಾರೆ?

ಈ ಸಲ ಕಾಲು ಗಂಟೆ ಇದೆಯಲ್ಲ ಅಂತ ಆರೂ ಹದಿನಾಲ್ಕಕ್ಕೆ ಆರಾಮಾಗಿ ಬಾಗಿಲು ತೆರೆದೆ. ಭಾಷಣ ಶುರುವಾಗಿ ಹದಿನಾಲ್ಕು ನಿಮಿಷವಾಗಿತ್ತು. ಪೋಸ್ಟರ್‌ನಲ್ಲಿ ಇದ್ದದ್ದು ಸಿ.ಟಿ. ಅಲ್ಲ, ಎಸ್.ಟಿ. 'ಸಿನೆ ಟೆಂಪೋರೆ', ಸಮಯ ಸೇರಿಸದೆ. ನಾನು ತೆರೆದ ಬಾಗಿಲೋ, ವೇದಿಕೆಯ ಪಕ್ಕದ್ದು. ನೀರು ತೊಟ್ಟಿಕ್ಕುವ ಕೊಡೆ ಹಿಡಿದು, ಮಂಕಿ ಕ್ಯಾಪ್ ಹಾಕಿಕೊಂಡು, ಭಾಷಣಕಾರರ ಮುಂದೆಯೇ ಹಾದು ಹೋದೆ. ಒಂದು ಕ್ಷಣ ಪರದೆಯ ಹನ್ನೆರಡೂ ನಕ್ಷತ್ರ ನನ್ನ ಕೋಟಿನ ಮೇಲೆ ಬಿದ್ದವು. ಬಿಳಿ ಕೂದಲಿನವರು ಮೇಲಿನ ಸಾಲಿನಿಂದ ಕೈಬೀಸಿದರು.

ಪ್ರಶ್ನೋತ್ತರ ಬಂದಾಗ ಮೊದಲ ಕೈ ನನ್ನದು. ಮೊಮ್ಮಗಳ ಹತ್ತು ದಿನದ ಕಥೆಯನ್ನು ಪೂರ್ತಿ ಹೇಳಿದೆ. ಭಾಷಣಕಾರರು ತಾಳ್ಮೆಯಿಂದ ಕೇಳಿ, ಮೊದಲು ಮಗುವಿಗೆ ಶುಭ ಹಾರೈಸಿದರು. ಆಮೇಲೆ ಹೇಳಿದರು: ನಾನು ಬಂದಿರುವುದು ಕೌನ್ಸಿಲ್ ಆಫ್ ಯುರೋಪ್‌ನಿಂದ. ಅದು 1949ರಲ್ಲಿ ಹುಟ್ಟಿದ್ದು, ಸ್ಟ್ರಾಸ್‌ಬರ್ಗ್‌ನಲ್ಲಿದೆ, 46 ದೇಶ, ಮಾನವ ಹಕ್ಕುಗಳ ಕೆಲಸ. ಒಕ್ಕೂಟ ಬೇರೆ, ಅದಕ್ಕೆ 27 ದೇಶ. ಒಕ್ಕೂಟದಲ್ಲಿ ಪ್ರಧಾನಿ, ಅಧ್ಯಕ್ಷರು ಸೇರುವುದು ಯುರೋಪಿಯನ್ ಕೌನ್ಸಿಲ್. ಮಂತ್ರಿಗಳು ಸೇರುವುದು ಕೌನ್ಸಿಲ್ ಆಫ್ ದಿ ಯುರೋಪಿಯನ್ ಯೂನಿಯನ್. ನಿಮ್ಮ ದೂರು ಬ್ರಸೆಲ್ಸ್ ಕಡೆಗೆ ಹೋಗಬೇಕು.

ನಮ್ಮ ಹಳ್ಳಿಯಲ್ಲಿ ಮೂರು ಜನ ಮಂಜುನಾಥರು ಇದ್ದರು. ಡೈರಿ ಮಂಜ, ಟೈಲರ್ ಮಂಜ, ಕೆಇಬಿ ಮಂಜ ಅಂತ ಕರೆಯುತ್ತಿದ್ದೆವು. ಒಂದು ದಿನವೂ ಗೊಂದಲವಾಗಲಿಲ್ಲ. ಇಷ್ಟು ಓದಿಕೊಂಡ ಯುರೋಪಿನವರಿಗೆ ಈ ಬುದ್ಧಿ ಬೇಡವಾ? ಹೋಗಲಿ, ಬಾವುಟವಾದರೂ ಬೇರೆ ಇರಬೇಕಿತ್ತು. ಅದೂ ಇಲ್ಲ. 1955ರಲ್ಲಿ ಸ್ಟ್ರಾಸ್‌ಬರ್ಗಿನವರು ಮಾಡಿಕೊಂಡ ಬಾವುಟವನ್ನೇ ಮೂವತ್ತು ವರ್ಷ ಕಳೆದ ಮೇಲೆ ಒಕ್ಕೂಟದವರೂ ಹಾರಿಸಿದರು. ಇದನ್ನೆಲ್ಲ ಕಲಸಿ ಬರೆದ ಎಷ್ಟು ಮಕ್ಕಳಿಗೆ ನಾನು ಅಂಕ ಕಳೆದಿದ್ದೆನೋ. ಕಳೆದ ಅಂಕವೂ ಸರಿಯಾಗಿತ್ತೋ ಇಲ್ಲವೋ.

ಅವತ್ತು ಸೇಬಿನ ರಸ ಕುಡಿಯುವಾಗ ಸ್ವಲ್ಪ ಕುಗ್ಗಿಹೋಗಿದ್ದೆ. ಬಿಳಿ ಕೂದಲಿನವರು ಸಮಾಧಾನ ಮಾಡಿ, ನಿಮ್ಮ ಭಾಷೆ ಯಾವುದು ಅಂತ ಕೇಳಿದರು. ನನಗೆ ಜೀವ ಬಂತು. ನಿಮ್ಮವರೇ ಆದ ಕಿಟೆಲ್ 1894ರಲ್ಲಿ ನಮ್ಮ ಭಾಷೆಗೆ ನಿಘಂಟು ಮಾಡಿಕೊಟ್ಟರು, ಸುಮಾರು 70,000 ಪದ, ಇಲ್ಲೇ ಪಕ್ಕದ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ತೀರಿಕೊಂಡಿದ್ದೂ ಅದೇ ಊರಲ್ಲಿ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಿಟೆಲ್ ಹೆಸರೇ ಕೇಳಿರಲಿಲ್ಲ. ಎಲ್ಲ ಕೇಳಿಸಿಕೊಂಡು, "ನೀವು ಅವತ್ತು ಮೇಜಿಗೆ ಮಾಡಿದಿರಲ್ಲ, ಅದಕ್ಕೂ ಆ ನಿಘಂಟಿನಲ್ಲಿ ಪದ ಇದೆಯಾ?" ಅಂದರು. 'ಕುಟ್ಟು' ಅಂತ ಹೇಳಿಕೊಟ್ಟೆ. ಅವರ ಬಾಯಲ್ಲಿ ಅದು 'ಕುಟು' ಆಯಿತು.

ಆಮೇಲೆ ಒಂದು ವಾರವೂ ತಪ್ಪಿಸಲಿಲ್ಲ. 88ನೆಯ ದಿನ ಕೊನೆಯ ಉಪನ್ಯಾಸ. ಸಿ.ಟಿ.ಯೋ ಎಸ್.ಟಿ.ಯೋ ಎರಡು ಸಲ ನೋಡಿಕೊಂಡು, ಹಿಂದಿನ ಬಾಗಿಲಿನಿಂದ ಹೋದೆ. ಬಿಳಿ ಕೂದಲಿನವರು ತಮ್ಮ ಕೋಟು ಹಾಸಿ ನನಗೆ ಜಾಗ ಹಿಡಿದಿದ್ದರು, ನಮ್ಮ ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ. ವಿಷಯ ಆಲ್ಪ್ಸ್ ಬೆಟ್ಟಗಳ ರೈಲು ಸುರಂಗ. ನಿಜ ಹೇಳಬೇಕೆಂದರೆ ಅರ್ಧಕ್ಕೆ ನಿದ್ದೆ ಬಂತು, ಹೀಟರ್ ಅಷ್ಟು ಚೆನ್ನಾಗಿತ್ತು.

ಭಾಷಣ ಮುಗಿದಾಗ ಅವರೇ ಮೊಣಕೈಯಿಂದ ತಿವಿದು ಎಬ್ಬಿಸಿದರು. ಸುತ್ತ ಟಕ ಟಕ ಶುರುವಾಗಿತ್ತು. ಅವರು ಕುಟ್ಟಲಿಲ್ಲ. ಮೇಜಿನ ಮೇಲಿದ್ದ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ಚೀಲದ ಜಿಪ್ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, "ಕುಟು" ಅಂದರು.

ನಾನು ಅಂಗೈ ಅಗಲಿಸಿದೆ.