ಮರದ ಸಾವಿಗೆ ಮೀಟಿಂಗ್‌ನ ಒಪ್ಪಿಗೆ

ನಮ್ಮ ಆಫೀಸಿರುವ ಕಾಂಪ್ಲೆಕ್ಸಿನ ಪಾರ್ಕಿಂಗ್ ಜಾಗದಲ್ಲಿ ಒಂದು ಮರ ಸತ್ತಿತ್ತು. ನೆರಳಿಗೆಂದು ಅದರ ಕೆಳಗೆ ಕಾರು ನಿಲ್ಲಿಸುತ್ತಿದ್ದವರು ಎರಡು ಮಳೆಗಾಲದ ಹಿಂದೆಯೇ ಜಾಗ ಬದಲಿಸಿದರು. ಗೊತ್ತಿಲ್ಲದೇ ಇದ್ದದ್ದು ಕಾಂಪ್ಲೆಕ್ಸಿನ ಕಮಿಟಿಗೆ ಮಾತ್ರ. ಅವರ ರಿಜಿಸ್ಟರಿನಲ್ಲಿ ಆಗಲೂ ಹೀಗಿತ್ತು: 'ಮರ 1, ಸ್ಥಿತಿ ಉತ್ತಮ.'

ಮೊದಲ ಮೀಟಿಂಗಿನಲ್ಲಿ ಒಬ್ಬರು ಅಂದರು, "ಎಲೆ ಉದುರಿಸೋ ಜಾತಿ ಇರಬಹುದು, ಚಿಗುರಲಿ, ಕಾಯೋಣ." ಕಾದರು. ಬುಡದಲ್ಲಿ ಅಣಬೆ ಚಿಗುರಿತು. ಬುಡದಲ್ಲಿ ಅಣಬೆ ಬಂತೆಂದರೆ ಸಾಮಾನ್ಯವಾಗಿ ಒಳಗೆ ಕೊಳೆಯುತ್ತಿದೆ ಎಂದೇ ಲೆಕ್ಕ. ಅಧ್ಯಕ್ಷರು ಅದನ್ನು ನೋಡಿ, "ಜೀವ ಇದೆಯಲ್ರೀ!" ಎಂದು ಖುಷಿಪಟ್ಟರು. ಕೊಂಬೆಗೆ ಸುತ್ತಿದ ಸೀರಿಯಲ್ ಲೈಟು ದಿನಾ ಉರಿಯುತ್ತಲೇ ಇತ್ತು. ಎಲೆ ಅಡ್ಡ ಬರದಿದ್ದರಿಂದ ಮೊದಲಿಗಿಂತ ಜಾಸ್ತಿ ಹೊಳೆಯುತ್ತಿತ್ತು.

ಆಮೇಲೆ ಒಂದು ಕೊಂಬೆ ಮುರಿದು ಬಿತ್ತು. ಬಿದ್ದದ್ದು ಅಧ್ಯಕ್ಷರ ಕಾರಿನ ಮೇಲೆ. ಮರದ ವಿಷಯ ತುರ್ತು ಆಯಿತು.

ಮಾಲಿಯನ್ನು ಕರೆದರು. ಅವರು ಕಡ್ಡಿಯಂಥ ಒಂದು ಕೊಂಬೆಯನ್ನು ಬಗ್ಗಿಸಿದರು. ಪಟ್ ಅಂತ ಮುರಿಯಿತು. ನಾಲ್ಕೈದು ಕಡೆ ತೊಗಟೆಯನ್ನು ಉಗುರಿನಲ್ಲಿ ಕೆರೆದರು. ಒಳಗೆ ಹಸಿರು, ತೇವ ಇದ್ದರೆ ಜೀವ ಇದೆ ಎಂದರ್ಥ. ಎಲ್ಲ ಕಡೆಯೂ ಕಂದು, ಎಲ್ಲ ಕಡೆಯೂ ಒಣಕಲು. ಬೊಡ್ಡೆಗೆ ಸುತ್ತಿಗೆಯಲ್ಲಿ ತಟ್ಟಿದರು, ಖಾಲಿ ಡಬ್ಬದ ಸದ್ದು ಬಂತು. "ಹೋಗಿದೆ ಸಾರ್." ಇಷ್ಟಕ್ಕೆ ಐದು ನಿಮಿಷ ಹಿಡಿಯಿತು. ಆದರೆ ಉಗುರನ್ನು ಫೈಲಿಗೆ ಹಾಕಲು ಬರುವುದಿಲ್ಲವಲ್ಲ! ಹಾಗಾಗಿ ಕನ್ಸಲ್ಟೆಂಟ್ ಬಂದರು. ದಪ್ಪನೆಯ ವರದಿ, ಕಲರ್ ಫೋಟೊ, ಕೊನೆಯಲ್ಲಿ ಒಂದು ಸಾಲು: ಮರ ಸತ್ತಿದೆ.

ಎಡವಟ್ಟಾದದ್ದು 'ಕಾರಣ' ಎಂಬ ಪುಟದಲ್ಲಿ. ಬುಡಕ್ಕೆ ತಾಗುವವರೆಗೂ ಕಾಂಕ್ರೀಟ್ ಹಾಕಿದ್ದಾರೆ, ಕಾರುಗಳ ಭಾರಕ್ಕೆ ಮಣ್ಣು ಗಟ್ಟಿಯಾಗಿದೆ, ಬೇರಿಗೆ ಗಾಳಿಯೂ ಇಲ್ಲ ನೀರೂ ಇಲ್ಲ ಎಂದು ಬರೆದಿದ್ದರು. ಕಾಂಕ್ರೀಟ್ ಹಾಕಿಸಿದ್ದು ಇದೇ ಕಮಿಟಿ. ಚರ್ಚೆಯಾಗಿ ಆ ಪುಟಕ್ಕೆ 'ವಯಸ್ಸಾಗಿತ್ತು' ಎಂಬ ತಿದ್ದುಪಡಿ ಬಂತು.

ಇನ್ನು ಹೊಸ ಮರ. ಎಲೆ ಉದುರಬಾರದು, ಗುಡಿಸೋರಿಲ್ಲ. ಹೂವು ಬೇಡ, ಕಾರಿಗೆ ಕಲೆ. ಹಕ್ಕಿ ಕೂರಬಾರದು, ಅದೂ ಕಲೆಯ ವಿಷಯವೇ. ಬೋರ್ಡಿಗೆ ಮರೆಯಾಗಬಾರದು. ಬೇರು ಬಿಡಬಾರದು. ಬೇಗ ಬೆಳೆಯಬೇಕು, ದೊಡ್ಡದಾಗಬಾರದು.

ಮಾಲಿ ತಲೆ ಕೆರೆದುಕೊಂಡರು. "ಇಷ್ಟಕ್ಕೆ ಕಂಬಾನೇ ನೆಡಬಹುದಲ್ಲ ಸಾರ್?"

"ಅದಕ್ಕೆ ದಿನಾ ನೀರು ಹಾಕಬೇಕಾ?" ಎಂದು ಅಧ್ಯಕ್ಷರು ಗಂಭೀರವಾಗಿಯೇ ಕೇಳಿದರು.

ಕೊನೆಗೆ ಗಿಡವೇ ಬಂತು. ಗುಂಡಿ ಗಿಡದ ಬೇರು-ಮಣ್ಣಿನ ಉಂಡೆಯ ಎರಡು ಮೂರು ಪಟ್ಟು ಅಗಲ ಇರಬೇಕು, ಆಳ ಉಂಡೆಯಷ್ಟೇ ಸಾಕು ಎಂದರು ಮಾಲಿ. ಮರದ ಬೇರು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಅಗಲಕ್ಕೆ ಹರಡುತ್ತದೆ. ಹಾಗೆ ತೋಡಿದರೆ ಎರಡು ಕಾರಿನ ಜಾಗ ಹೋಗುತ್ತದೆ. ಅದಕ್ಕೇ ಅಗಲದ ಬದಲು ಆಳ ತೋಡಿಸಿದರು, ಬೋರ್‌ವೆಲ್ ತರಹ. ಗಿಡದ ಕಾಂಡ ಒಂದಡಿ ಮಣ್ಣೊಳಗೆ ಹೋಯಿತು. ಫೋಟೊದಲ್ಲಿ ಹನ್ನೊಂದು ಜನ ಒಂದೇ ಗುದ್ದಲಿ ಹಿಡಿದಿದ್ದಾರೆ, ಗಿಡ ಕಾಣುವುದಿಲ್ಲ.

ಮಾರನೇ ದಿನ ಬುಡದ ಸುತ್ತ ನೀಟಾಗಿ ಕಾಂಕ್ರೀಟ್ ಬಿತ್ತು. ಸಂಜೆ ಹೊತ್ತಿಗೆ ಸೀರಿಯಲ್ ಲೈಟನ್ನೂ ಸುತ್ತಿದರು. ರಿಜಿಸ್ಟರಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. 'ಮರ 1, ಸ್ಥಿತಿ ಉತ್ತಮ' ಎಂದು ಮೊದಲೇ ಇತ್ತಲ್ಲ.

ನಿನ್ನೆ ಆ ಕಡೆ ಹೋದಾಗ ಮಾಲಿ ಹೊಸ ಗಿಡದ ತೊಗಟೆಯನ್ನು ಉಗುರಿನಲ್ಲಿ ಮೆಲ್ಲಗೆ ಕೆರೆಯುತ್ತಿದ್ದರು.

"ಸದ್ಯಕ್ಕೆ ಹಸಿರೇ ಇದೆ ಸಾರ್," ಅಂದರು. "ಮುಂದಿನ ಮೀಟಿಂಗ್ ಯಾವಾಗ?"