ಹಣೆಗೆ ಪಿಸ್ತೂಲು, ಕೈಗೆ ಗುಲಾಬಿ

ಕೊನೆಗೂ ಸರ್ಕಾರ ಮನಸ್ಸು ಮಾಡಿತು. 2021ರ ಅಕ್ಟೋಬರ್ 25ರ ಸೋಮವಾರ, ಕೊರೊನಾದಿಂದ ಶಾಲೆ ಮುಚ್ಚಿದ 19 ತಿಂಗಳ ನಂತರ, ರಾಜ್ಯದ ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಯ ಗೇಟು ದಾಟಿ ಒಳಗೆ ಹೋದರು. ಬಾಗಿಲಿಗೆ ಮಾವಿನ ತೋರಣ, ಗೇಟಿಗೆ ಬಾಳೆಕಂದು, ಕೈಗೆ ಗುಲಾಬಿ, ಬಾಯಿಗೆ ಚಾಕೊಲೇಟು, ಹಣೆಗೆ ಪಿಸ್ತೂಲಿನಂಥ ಥರ್ಮಾಮೀಟರು. ಪತ್ರಿಕೆಗಳಲ್ಲಿ ಬಂದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಮದುವೆಗೆ ಬಂದ ಬೀಗರನ್ನು ಎದುರುಗೊಂಡ ಸಂಭ್ರಮ ಅದು. ಇಷ್ಟು ಉಪಚಾರ ಮಾಡುವವರು ಇಷ್ಟು ದಿನ ಯಾಕೆ ಕರೆಯಲಿಲ್ಲ ಎಂದು ಬೀಗರು ಕೇಳಬಾರದು. ಕೇಳಿದರೆ ಬೀಗಸ್ತನಕ್ಕೆ ಶೋಭೆಯಲ್ಲ.

ಸರ್ಕಾರದ ಎಚ್ಚರಿಕೆಯನ್ನು ಮೊದಲು ಹೊಗಳಿಬಿಡುತ್ತೇನೆ. ಅಪಾಯಕಾರಿಯಾದ ಪ್ರಯೋಗವನ್ನು ಯಾರೂ ಮಕ್ಕಳ ಮೇಲೆ ಮಾಡುವುದಿಲ್ಲ. ಹಾಗಾಗಿ ಸರ್ಕಾರ ಮೊದಲು ಗಟ್ಟಿ ಮೈಕಟ್ಟಿನ, ದೇಶಕ್ಕಾಗಿ ಏನನ್ನೂ ಸಹಿಸಬಲ್ಲ ಸ್ವಯಂಸೇವಕರನ್ನು ಆರಿಸಿಕೊಂಡು, 2020ರ ಮೇ 4ರಂದು ಮದ್ಯದಂಗಡಿಗಳ ಬಾಗಿಲು ತೆಗೆಯಿತು. ಮೊದಲ ದಿನವೇ ಸುಮಾರು 45 ಕೋಟಿ ರೂಪಾಯಿಯ ವ್ಯಾಪಾರವಾಗಿ ಪ್ರಯೋಗ ಯಶಸ್ವಿಯಾಯಿತು. ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಜನರು ಬೆಳಗಿನಿಂದಲೇ ನಿಂತಿದ್ದ ಶಿಸ್ತನ್ನು ನೋಡಿದಾಗ, ಕೇಂದ್ರಬಿಂದು, ತ್ರಿಜ್ಯ, ಪರಿಧಿ ಎಂಬುದನ್ನೆಲ್ಲ ಹೈಸ್ಕೂಲಿನಲ್ಲಿ ನಮಗೆ ಹೇಳಿಕೊಡಲು ಹೆಣಗಾಡಿದ ಗಣಿತದ ಮೇಷ್ಟ್ರು ನೆನಪಾದರು. ಆ ಪಾಠವನ್ನು ಅವರು ಎಲ್ಲಿ ಮಾಡಬೇಕಾಗಿತ್ತು ಎಂಬುದು ಆಗ ತಿಳಿಯಿತು.

ಮಗು ಶಾಲೆಗೆ ಬರಬೇಕಾದರೆ ತಂದೆ ತಾಯಿಯ ಒಪ್ಪಿಗೆ ಪತ್ರ ಕಡ್ಡಾಯ ಎಂದಾಯಿತು. ಅಪಾಯವಿರುವ ಕಡೆ ಒಪ್ಪಿಗೆ ಪಡೆಯುವುದು ಒಳ್ಳೆಯ ಪದ್ಧತಿಯೇ. ಆದರೆ ಅದೇ ಪದ್ಧತಿಯನ್ನು ಮೇ 4ರಂದೇ ಜಾರಿಗೆ ತಂದು, ಹೆಂಡತಿ ಸಹಿ ಮಾಡಿದ ಪತ್ರ ತಂದವರಿಗೆ ಮಾತ್ರ ಕ್ವಾರ್ಟರ್ ಎಂದು ಒಂದು ಸುತ್ತೋಲೆ ಹೊರಡಿಸಿದ್ದರೆ, ಎರಡು ದಿನದಲ್ಲಿ ರಾಜ್ಯದ ಸೋಂಕೂ ಇಳಿಯುತ್ತಿತ್ತು, ರಾಜ್ಯದ ಖಜಾನೆಯೂ ಇಳಿಯುತ್ತಿತ್ತು. ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ಕೈಬಿಟ್ಟಿರಬೇಕು.

ಆಮೇಲೆ ಮಾಲ್ ತೆರೆಯಿತು, ದೇವಸ್ಥಾನ ತೆರೆಯಿತು, ಕಲ್ಯಾಣಮಂಟಪ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. 2021ರ ಅಕ್ಟೋಬರ್ 1ರಿಂದ, ಪಾಸಿಟಿವಿಟಿ ದರ ಶೇಕಡಾ 1ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ, ಚಿತ್ರಮಂದಿರಗಳ ನೂರಕ್ಕೆ ನೂರು ಸೀಟು ತುಂಬಿಸಬಹುದು ಎಂದಾಯಿತು. 3ರಿಂದ ಪಬ್ಬುಗಳೂ ತೆರೆದವು. ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ ಅಪರಿಚಿತರು ಭುಜಕ್ಕೆ ಭುಜ ತಾಗಿಸಿ ಮೂರು ಗಂಟೆ ಕುಳಿತು ಶಿಳ್ಳೆ ಹೊಡೆಯಬಹುದು ಎಂಬ ತೀರ್ಮಾನ ಜಾರಿಗೆ ಬಂದು 24 ದಿನ ಕಳೆದ ಮೇಲೆ, ನಾಲ್ಕು ಕಿಟಕಿ, ಎರಡು ಬಾಗಿಲು, ಹಂಚಿನ ಸಂದಿಯಿಂದ ಸಾಕಷ್ಟು ಆಕಾಶ ಇರುವ ನಮ್ಮೂರಿನ ಶಾಲೆಯಲ್ಲಿ ಏಳು ವರ್ಷದ ಮಗು, ಅದೂ ಅರ್ಧದಷ್ಟು ಹಾಜರಾತಿಯಲ್ಲಿ, ಮೊದಲ ವಾರ ಅರ್ಧ ದಿನ ಮಾತ್ರ, ಕುಳಿತುಕೊಳ್ಳಬಹುದು ಎಂದಾಯಿತು. ಅರ್ಧದ ಅರ್ಧ ಕಾಲು ಎನ್ನುವ ಲೆಕ್ಕ ಮಕ್ಕಳಿಗೆ ಮರೆತಿದ್ದರೆ ಇಲ್ಲಿಂದಲೇ ಶುರು ಮಾಡಬಹುದು.

ತೆರೆದ ಕ್ರಮವೂ ಸೊಗಸಾಗಿದೆ. ಚಿಕ್ಕ ಮಕ್ಕಳಿಗೆ ಅಪಾಯ ಕಡಿಮೆ, ಆದ್ದರಿಂದ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಒಳ್ಳೆಯದು ಎಂದು ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಮುಖ್ಯಸ್ಥರು ಜುಲೈನಲ್ಲಿ ಹೇಳಿದ್ದರು. ನಮ್ಮವರು ಅದನ್ನು ಗಮನವಿಟ್ಟು ಕೇಳಿಸಿಕೊಂಡು ಆಗಸ್ಟ್ 23ಕ್ಕೆ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಅಕ್ಟೋಬರ್ 25ಕ್ಕೆ ಒಂದರಿಂದ ಐದು ಎಂದು ಮೇಲಿನಿಂದ ಕೆಳಕ್ಕೆ ಇಳಿದರು. ಹತ್ತನೇ ತರಗತಿಯವನಿಗೆ ಪರೀಕ್ಷೆಯಿದೆ, ಒಂದನೇ ತರಗತಿಯವಳಿಗೆ ಏನಿದೆ? ಅಕ್ಷರ ತಾನೇ, ಎಲ್ಲಿಗೆ ಓಡಿಹೋಗುತ್ತದೆ!

ಆ ಸೋಮವಾರ ನಾನು ಊರಿನಲ್ಲಿದ್ದೆ. ನಮ್ಮೂರು ಶಿರಾ ಸೀಮೆಯದು. ಶಾಲೆಗೆ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಒಂದು ಹುಣಸೆಮರ. ಹೆಡ್‌ಮೇಷ್ಟ್ರು ಗೇಟಿನಲ್ಲಿ ನಿಂತು ಥರ್ಮಾಮೀಟರನ್ನು ಮಕ್ಕಳ ಹಣೆಗೆ ಗುರಿಯಿಡುತ್ತಿದ್ದರು. ಅದರ ಸೆಲ್ಲನ್ನು ಅವರೇ ಸ್ವಂತ ದುಡ್ಡಿನಲ್ಲಿ ತಂದಿದ್ದರು. ಯಂತ್ರ ಮೊದಲ ಮಗುವಿಗೆ 93.2 ಎಂದಿತು. ಎರಡನೆಯ ಮಗುವಿಗೆ ಅಂಕಿಯನ್ನೇ ಕೊಡದೆ ‘ಲೋ’ ಎಂದಿತು. ಅದು ತನ್ನನ್ನೇ ಏಕವಚನದಲ್ಲಿ ಕರೆಯುತ್ತಿದೆ ಎಂದು ಹುಡುಗ ಗಾಬರಿಯಾದ. ಮೂರನೆಯವನು ಹಟ್ಟಿಯಿಂದ ಎರಡು ಕಿಲೋಮೀಟರು ಬಿಸಿಲಿನಲ್ಲಿ ನಡೆದು ಬಂದಿದ್ದ. ಅವನಿಗೆ 100 ದಾಟಿತು. ಅವನನ್ನು ಹುಣಸೆಮರದ ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ ಮತ್ತೆ ಗುರಿಯಿಟ್ಟಾಗ 96.8ಕ್ಕೆ ಇಳಿದ. ಜಗತ್ತಿನಲ್ಲಿ ಇಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿರಲಾರದು. ಕಡೆಗೆ ಮೇಷ್ಟ್ರಿಗೆ ಯಂತ್ರದ ಮೇಲೆಯೇ ಅನುಮಾನ ಬಂದು ಶಾಲೆಯ ಗೋಡೆಗೆ ಹಿಡಿದರೆ ಸರಿಯಾಗಿ 98.4 ತೋರಿಸಿತು. ಇಡೀ ಆವರಣದಲ್ಲಿ ಪೂರ್ಣ ಆರೋಗ್ಯದಿಂದಿದ್ದದ್ದು, ಎರಡು ಮಳೆಗಾಲದಿಂದ ಪಾಚಿ ಹಿಡಿದಿದ್ದ ಆ ಗೋಡೆ ಒಂದೇ.

“ಎಲ್ರಿಗೂ 97.6 ಅಂತ ಬರ್ದ್‌ಬಿಡಿ ಮೇಡಂ, ಹನ್ನೊಂದು ಗಂಟೆಗೆ ಸಿಆರ್‌ಪಿಗೆ ವಾಟ್ಸ್ಯಾಪ್ ಮಾಡ್ಬೇಕು” ಎಂದರು ಹೆಡ್‌ಮೇಷ್ಟ್ರು. ಮೇಡಂ ಬರೆದರು. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಅದನ್ನು ತಾಲ್ಲೂಕಿನ ಬಿಇಒ ಕಚೇರಿಗೆ ಕಳಿಸಿರುತ್ತಾರೆ, ಬಿಇಒ ಜಿಲ್ಲೆಯ ಡಿಡಿಪಿಐಗೆ, ಅಲ್ಲಿಂದ ಬೆಂಗಳೂರಿಗೆ. ಹುಣಸೆಮರದ ವಿಷಯ ಯಾವ ಕಾಲಂನಲ್ಲೂ ಹೋಗಿರುವುದಿಲ್ಲ.

ಮಾರ್ಗಸೂಚಿಯ ಪ್ರಕಾರ ಐವತ್ತು ದಾಟಿದ ಶಿಕ್ಷಕರು ಮಾಸ್ಕಿನ ಮೇಲೆ ಫೇಸ್‌ಶೀಲ್ಡನ್ನೂ ಧರಿಸಬೇಕಾಗಿತ್ತು. ಹೆಡ್‌ಮೇಷ್ಟ್ರಿಗೆ ಐವತ್ತೆಂಟು. ಮಾಸ್ಕು, ಅದರ ಮೇಲೆ ಕನ್ನಡಕ, ಅದರ ಮೇಲೆ ಶೀಲ್ಡು. ಉಸಿರು ಬಿಟ್ಟಾಗಲೆಲ್ಲ ಮುಖದ ಮುಂದೆ ಮಡಿಕೇರಿಯ ಬೆಳಗು. ಈ ಮಂಜಿನ ಹಿಂದಿನಿಂದ ಅವರು ಎರಡನೇ ತರಗತಿಗೆ ವರ್ಣಮಾಲೆ ಹೇಳಿಕೊಡಬೇಕಾಗಿತ್ತು. ಪ, ಫ, ಬ, ಭ, ಮ ಎಂಬವು ಓಷ್ಠ್ಯಗಳು, ತುಟಿಗಳಿಂದ ಹುಟ್ಟುವ ಅಕ್ಷರಗಳು ಎಂದು ವ್ಯಾಕರಣ ಹೇಳುತ್ತದೆ. ಮಗು ಅವನ್ನು ಕಲಿಯುವುದು ಕಿವಿಯಿಂದ ಅರ್ಧ, ಮೇಷ್ಟ್ರ ತುಟಿ ನೋಡಿ ಇನ್ನರ್ಧ. ತುಟಿಯೇ ಕಾಣದೆ ಬಂದ ಆ ಸದ್ದು ‘ಪ’ವೋ ‘ಬ’ವೋ ಎಂದು ಮುಂದಿನ ಸಾಲಿನಲ್ಲಿ ಕುಳಿತ ನನಗೂ ತಿಳಿಯಲಿಲ್ಲ. ಮಗುವೊಂದು ಸ್ಲೇಟಿನ ಮೇಲೆ ಏನನ್ನೋ ಬರೆದು, ತಪ್ಪೆಂದು ಅನ್ನಿಸಿತೋ ಏನೋ, ಮಾಸ್ಕನ್ನು ಬಿಚ್ಚಿ ಅದರಿಂದ ಸ್ಲೇಟನ್ನು ಚೊಕ್ಕಟವಾಗಿ ಒರೆಸಿ, ಬಳಪದ ಪುಡಿ ಸಮೇತ ಮತ್ತೆ ಮೂಗಿಗೆ ಏರಿಸಿಕೊಂಡಿತು.

ಇದೆಲ್ಲ ನಡೆದದ್ದು ನಲಿಕಲಿ ಕೊಠಡಿಯಲ್ಲಿ. ನಲಿಕಲಿ ಎಂದರೇನು ಎಂದು ಗೊತ್ತಿರುವವರಿಗೆ ಮುಂದಿನದು ಹೇಳದೆಯೇ ಅರ್ಥವಾಗುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ಗುಂಪು ಗುಂಪಾಗಿ ನೆಲದ ಮೇಲೆ ಸುತ್ತ ಕುಳಿತು, ಕಾರ್ಡುಗಳನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಕಲಿಯುವ ಪದ್ಧತಿ ಅದು. ಆ ಕೊಠಡಿಯ ಗೋಡೆಯ ಮೇಲೆ ಆಗ ಹೊಸ ಪೋಸ್ಟರು: ಗುಂಪುಗೂಡಬೇಡಿ, ಒಬ್ಬರ ವಸ್ತುವನ್ನು ಒಬ್ಬರು ಮುಟ್ಟಬೇಡಿ. ಎರಡನ್ನೂ ಕಳಿಸಿದ್ದು ಒಂದೇ ಇಲಾಖೆ. ಹಾಗಾಗಿ ಮಕ್ಕಳನ್ನು ದೂರ ದೂರ ಕೂರಿಸಿ ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿತ್ತು. ಇನ್ನು ಪದೇಪದೇ ಸೋಪು ಹಚ್ಚಿ ಕೈ ತೊಳೆಯಬೇಕು ಎಂಬ ನಿಯಮ. ಸೋಪು ಬಂದಿತ್ತು, ಹೊಳೆಯುವ ಹೊಸ ಬಕೆಟ್ಟೂ ಬಂದಿತ್ತು. ನಲ್ಲಿಯ ನೀರು ಮಾತ್ರ ದಿನ ಬಿಟ್ಟು ದಿನ ಬರುತ್ತಿತ್ತು. ಅರ್ಧ ಮಕ್ಕಳು ಒಂದು ದಿನ, ಉಳಿದರ್ಧ ಮರುದಿನ ಎಂಬ ಸರದಿ ಇದ್ದದ್ದರಿಂದ, ನೀರು ಬರುವ ದಿನ ಬರುವ ಮಕ್ಕಳು ಅದೃಷ್ಟವಂತರು.

ಶಾಲೆಗಳನ್ನು ತೆರೆಯುವುದು ಸುಲಭವಲ್ಲ ಎಂದು ಟಿವಿಯಲ್ಲಿ ಕುಳಿತವರು ಹತ್ತೊಂಬತ್ತು ತಿಂಗಳು ನಮಗೆ ವಿವರಿಸಿದರು. ನಾನು ಅದನ್ನು ಒಪ್ಪುವುದಿಲ್ಲ. ನಮ್ಮೂರಿನ ಇದೇ ಶಾಲೆ ಈ ಅವಧಿಯಲ್ಲಿ ಬಹಳ ಸುಲಭವಾಗಿ ತೆರೆದಿತ್ತು. 2020ರ ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಬಂದು, ಮೇಷ್ಟ್ರು ಗುಡಿಯ ಜಗಲಿಯ ಮೇಲೂ ಮರದ ಕೆಳಗೂ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಬಯಲಿನಲ್ಲಿ ನಡೆಯುತ್ತಿದ್ದ ಆ ಪಾಠವೂ ಅಪಾಯಕಾರಿ ಎಂದು ಅಕ್ಟೋಬರ್ 10ರಂದು ಅದನ್ನು ನಿಲ್ಲಿಸಲಾಯಿತು. ನವೆಂಬರ್ 3ಕ್ಕೆ ಶಿರಾ ಉಪಚುನಾವಣೆ. ಮಕ್ಕಳು ಜಗಲಿಯ ಮೇಲೂ ಕೂರಬಾರದು ಎಂದಾಗಿ ಒಂದು ತಿಂಗಳೂ ಆಗಿರಲಿಲ್ಲ. ಶಾಲೆಯ ಬೀಗ ತೆಗೆದು, ಕಸ ಗುಡಿಸಿ, ಲೈಟು ಹಾಕಿ, ರ‍್ಯಾಂಪನ್ನು ರಿಪೇರಿ ಮಾಡಿ, ಊರಿನ ಅಷ್ಟೂ ಅಜ್ಜ ಅಜ್ಜಿಯರನ್ನು, ಅಂದರೆ ಈ ರೋಗ ಯಾರನ್ನು ಮೊದಲು ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತೋ ಅವರನ್ನೇ, ಸಾಲಾಗಿ ಒಳಗೆ ಕರೆದುಕೊಳ್ಳಲಾಯಿತು. ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಮತ್ತೆ ತೆರೆಯಿತು. ಆ ಡಿಸೆಂಬರಿನಲ್ಲೇ ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿ, ಹತ್ತು ಗಂಟೆಯದನ್ನು ಹನ್ನೊಂದಕ್ಕೆ ಬದಲಿಸಿ, ಜಾರಿಯಾಗಬೇಕಿದ್ದ ದಿನವೇ ವಾಪಸು ಪಡೆದದ್ದು ನೆನಪಿರಬಹುದು. ಚುನಾವಣೆಯ ದಿನಾಂಕ ಮಾತ್ರ ಒಂದು ಗಂಟೆಯೂ ಅತ್ತಿತ್ತ ಆಗಲಿಲ್ಲ.

ಇಲ್ಲಿ ತಮಾಷೆ ಮಾಡುವುದು ನನಗೆ ಆಗುವುದಿಲ್ಲ. 2021ರ ಏಪ್ರಿಲ್ 17ರಂದು, ಎರಡನೇ ಅಲೆ ಮೇಲೇರುತ್ತಿದ್ದಾಗ, ಬೆಳಗಾವಿ, ಬಸವಕಲ್ಯಾಣ, ಮಸ್ಕಿಗಳಲ್ಲಿ ಉಪಚುನಾವಣೆ ನಡೆಯಿತು. ಆ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರು ಜ್ವರ ಹಿಡಿದು ಮಲಗಿದರು, ಕೆಲವರು ಏಳಲಿಲ್ಲ. ಪಾಠ ಮಾಡುವುದು ಅಪಾಯ ಎಂದು ಅವರನ್ನು ಶಾಲೆಯಿಂದ ಹೊರಗಿಟ್ಟಿದ್ದ ಅದೇ ವ್ಯವಸ್ಥೆ, ಮತಯಂತ್ರ ಹೊರಲು ಅವರನ್ನು ಅದೇ ಕೊಠಡಿಗಳಿಗೆ ಕಳಿಸಿತು. ಅವರಿಗೆ ಯಾರೂ ಒಪ್ಪಿಗೆ ಪತ್ರ ಕೇಳಲಿಲ್ಲ. ಶಾಲೆ ತೆರೆದ ವಾರವೇ, ಅಕ್ಟೋಬರ್ 30ರ ಶನಿವಾರ, ಹಾನಗಲ್, ಸಿಂದಗಿಗಳಲ್ಲಿ ಮತ್ತೆ ಮತದಾನವಿತ್ತು. ಅಲ್ಲಿಯ ಪ್ರಚಾರ ಸಭೆಗಳ ಜನಸ್ತೋಮವನ್ನು ಸಂಜೆಯ ಸುದ್ದಿಯಲ್ಲಿ ನೋಡುತ್ತಾ, ಮಕ್ಕಳನ್ನು ಎಷ್ಟು ದೂರದಲ್ಲಿ ಕೂರಿಸಬೇಕು ಎಂಬ ಸುತ್ತೋಲೆಯನ್ನು ಓದುತ್ತಿದ್ದೆ.

ಶಾಲೆ ಮುಚ್ಚಿದ್ದರೂ ಕಲಿಕೆ ನಿಂತಿರಲಿಲ್ಲ ಎನ್ನುತ್ತಾರೆ. ಅದೂ ನಿಜವೇ. ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಎಂಬ ಪಾಠಗಳು ಬಂದವು, ಕರೆಂಟು ಇದ್ದಾಗ. ಆನ್‌ಲೈನ್ ಪಾಠವನ್ನು ಸಣ್ಣ ಮಕ್ಕಳಿಗೆ ಮೊದಲು ನಿಷೇಧಿಸಲಾಯಿತು, ಹೈಕೋರ್ಟು ಆ ನಿಷೇಧಕ್ಕೆ ತಡೆ ಕೊಟ್ಟಿತು, ಆಮೇಲೆ ಅದೇ ಪಾಠ ಮಕ್ಕಳ ಭವಿಷ್ಯವಾಯಿತು. ಸುಳ್ಯದ ಕಡೆ ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ, ಸುರಿವ ಮಳೆಯಲ್ಲಿ, ಪಾಠ ಕೇಳುತ್ತಿದ್ದ ಮಗಳ ಮೇಲೆ ಕೊಡೆ ಹಿಡಿದು ನಿಂತ ತಂದೆಯ ಫೋಟೋವನ್ನು ನಾವೆಲ್ಲರೂ ಮೆಚ್ಚಿ ಹಂಚಿಕೊಂಡೆವು. ಎಂಥ ತಂದೆ ಎಂದು ಕಣ್ಣೊರೆಸಿಕೊಂಡೆವು. ಟವರು ಹಾಕಬೇಕಾದವರೂ ಅದನ್ನು ಹಂಚಿಕೊಂಡಿರಬಹುದು, ಸಿಗ್ನಲ್ ಚೆನ್ನಾಗಿರುವ ಕಡೆಯಿಂದ.

ನಮ್ಮೂರಿನ ಶಾಲೆಗೆ ಸೋಮವಾರ ಬರಬೇಕಾಗಿದ್ದ ಇಬ್ಬರು ಹುಡುಗರು ಕುರಿ ಹಿಂಡಿನ ಜೊತೆ ಎಲ್ಲೋ ಬಯಲುಸೀಮೆಯ ಆಚೆಗೆ ಹೋಗಿದ್ದರಂತೆ. ಒಬ್ಬಳು ತಾಯಿಯ ಜೊತೆ ಬೆಂಗಳೂರಿನಲ್ಲಿ, ಕಟ್ಟಡದ ಕೆಲಸದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ವರದಿಯ ನಮೂನೆಯಲ್ಲಿ ಮೂವರೂ ‘ಪೋಷಕರ ಒಪ್ಪಿಗೆ ಪತ್ರ ಬಂದಿಲ್ಲ’ ಎಂಬ ಕಾಲಂಗೆ ಸೇರಿದರು. ಬೇರೆ ಕಾಲಂ ಇರಲಿಲ್ಲ.

ಗುಲಾಬಿ ಹಂಚಿ, ಫೋಟೋ ತೆಗೆದು, ಫೋಟೋಗಾಗಿ ಒತ್ತೊತ್ತಾಗಿ ನಿಂತಿದ್ದ ಶಾಲಾಭಿವೃದ್ಧಿ ಸಮಿತಿಯವರೆಲ್ಲ ಹೋದ ಮೇಲೆ ಮೇಡಂ ಹಾಜರಿ ಕರೆಯಲು ಕುಳಿತರು. ಎರಡನೇ ತರಗತಿಯ ನಾಲ್ಕನೆಯ ಹೆಸರಿಗೆ ಯಾರೂ ಓಗೊಡಲಿಲ್ಲ. ಮತ್ತೊಮ್ಮೆ ಕರೆದರು. ಮೂರನೆಯ ಸಲ ಕರೆದಾಗ, ಕಿಟಕಿಯ ಪಕ್ಕದಲ್ಲಿ ಚಾಕೊಲೇಟಿನ ಕಾಗದವನ್ನು ಮಡಿಸುತ್ತಾ ಕುಳಿತಿದ್ದ ಹುಡುಗಿಯನ್ನು ಅವಳ ಅಕ್ಕ ತಿವಿದು, “ನಿನ್ನೇ ಕಣೇ ಪುಟ್ಟಿ” ಎಂದಳು. ಪುಟ್ಟಿ ತಲೆಯೆತ್ತಿ ನೋಡಿದಳು. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಾರೆ. ಮರದ ಕೆಳಗಿನ ಪಾಠದಲ್ಲಿ ಯಾರೂ ಹಾಜರಿ ಕರೆದಿರಲಿಲ್ಲ. ಒಂದನೇ ತರಗತಿಯನ್ನು ಅವಳು ಸುತ್ತೋಲೆಯ ಮೂಲಕವೇ ಪಾಸು ಮಾಡಿದ್ದಳು. ರಿಜಿಸ್ಟರಿನಲ್ಲಿರುವ ಆ ಉದ್ದನೆಯ ಹೆಸರು ತನ್ನದೆಂದು ಅವಳಿಗೆ ಗೊತ್ತಿರಲಿಲ್ಲ. ಮೇಡಂ ಪಕ್ಕದ ಪುಸ್ತಕವನ್ನು ಬಿಡಿಸಿ ನೋಡಿದರು. ಆ ಹೆಸರಿನ ಮುಂದೆ ಬೆಳಿಗ್ಗೆಯೇ 97.6 ಎಂದು ಬರೆದಾಗಿತ್ತು.