ಬಾವಿ ಮೊದಲು, ಪೊಲೀಸ್ ಠಾಣೆ ಆಮೇಲೆ

ನೆಲದಡಿಯಲ್ಲಿ ತೈಲ ಸಿಕ್ಕ ಹಳ್ಳಿಗಾಡಿನಲ್ಲಿ ಅಪರಾಧ ಹೆಚ್ಚಿತೆಂದರೆ ಎಲ್ಲರೂ ಮೊದಲು ದೂರುವುದು ಹೊರಗಿನಿಂದ ದುಡಿಯಲು ಬಂದ ಗಂಡಸರನ್ನು. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಬಾಕೆನ್ ತೈಲಪ್ರದೇಶದ ಬಗ್ಗೆ ಓದಿದಷ್ಟೂ ಈ ದೂರು ಅರ್ಧ ಸತ್ಯ ಮಾತ್ರ ಎಂಬುದು ನನಗೆ ಮನದಟ್ಟಾಗಿದೆ. ಬಾವಿ ಕೊರೆಯಲು ಅನುಮತಿ ಸಿಕ್ಕಷ್ಟು ಬೇಗ ಮನೆ, ಪೊಲೀಸು, ನ್ಯಾಯಾಲಯಗಳು ಅಲ್ಲಿಗೆ ಬರಲಿಲ್ಲ. ಅಪರಾಧ ಬೆಳೆದದ್ದು ಆ ನಡುವಿನ ಅಂತರದಲ್ಲಿ.

ಬಂಡೆಯನ್ನು ಸೀಳಿ ತೈಲ ತೆಗೆಯುವ ತಂತ್ರ ಕೈಗೂಡಿದ ಮೇಲೆ ಆ ರಾಜ್ಯದ ಉತ್ಪಾದನೆ 2014ರಲ್ಲಿ ದಿನಕ್ಕೆ 10 ಲಕ್ಷ ಬ್ಯಾರೆಲ್ ದಾಟಿತು. 2010ರ ಜನಗಣತಿಯಲ್ಲಿ 14,716 ಜನರಿದ್ದ ವಿಲಿಸ್ಟನ್ ಪಟ್ಟಣದಲ್ಲಿ 2020ರ ಹೊತ್ತಿಗೆ 29,160 ಜನರಿದ್ದರು. ಆ ಭರಾಟೆಯ ದಿನಗಳಲ್ಲಿ ಒಂದು ಕೋಣೆಯ ಮನೆಯ ಬಾಡಿಗೆ ತಿಂಗಳಿಗೆ 2,000 ಡಾಲರ್ ಮೀರಿ ದೇಶದಲ್ಲೇ ಅತಿ ದುಬಾರಿ ಎನಿಸಿಕೊಂಡಿತ್ತು. ಪಿಂಚಣಿ ನಂಬಿ ಬದುಕುತ್ತಿದ್ದ ಹಿರಿಯರು ಹುಟ್ಟೂರು ಬಿಡಬೇಕಾಯಿತು. ದುಡಿಯಲು ಬಂದವರು ‘ಮ್ಯಾನ್ ಕ್ಯಾಂಪ್’ ಎಂದು ಕರೆಯುತ್ತಿದ್ದ ಸಾಲುಗೂಡುಗಳಲ್ಲೋ ತಮ್ಮ ಟ್ರಕ್ಕುಗಳಲ್ಲೋ ಮಲಗಿದರು. ಎರಡು ವಾರ ಸತತ ದುಡಿಮೆ, ಎರಡು ವಾರ ರಜೆ, ಕೈತುಂಬ ಹಣ, ಹೆಂಡತಿ ಮಕ್ಕಳು ಸಾವಿರಾರು ಮೈಲಿ ಆಚೆ, ಸಂಜೆಗೆ ಮದ್ಯದಂಗಡಿ ಬಿಟ್ಟರೆ ಹೋಗಲು ಬೇರೆ ಜಾಗವಿಲ್ಲ. ಅವರಲ್ಲಿ ಬಹುಪಾಲು ಮಂದಿ ಯಾರ ತಂಟೆಗೂ ಹೋಗದೆ ದುಡಿದು ಮನೆಗೆ ಹಣ ಕಳಿಸಿದವರು ಎಂಬುದನ್ನು ಮರೆಯಬಾರದು. ಆದರೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಊರಿಗಿದ್ದ ಕಣ್ಗಾವಲು ಅಲ್ಲಿ ಕಳಚಿಬಿದ್ದಿತ್ತು. ಅದರ ಜಾಗ ತುಂಬಬೇಕಿದ್ದ ಪೊಲೀಸರಿಗೂ ಆ ಬಾಡಿಗೆ ಕಟ್ಟುವುದು ಕಷ್ಟವಾಗಿತ್ತು.

ಅಮೆರಿಕದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2006ರಿಂದ 2012ರ ನಡುವೆ ಬಾಕೆನ್ ಪ್ರದೇಶದಲ್ಲಿ ಪೊಲೀಸರ ಗಮನಕ್ಕೆ ಬಂದ ಹಿಂಸಾಕೃತ್ಯಗಳ ಪ್ರಮಾಣ ಶೇ 23ರಷ್ಟು ಏರಿದರೆ, ಸುತ್ತಲಿನ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳಲ್ಲಿ) ಶೇ 8ರಷ್ಟು ಇಳಿದಿತ್ತು. ಇಂಥ ಲೆಕ್ಕವನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಟ್ರಕ್ಕಿನಲ್ಲಿ ಮಲಗುವವನು ಊರಿನ ಜನಸಂಖ್ಯೆಗೆ ಸೇರದೆ ಹೋದರೆ ತಲಾವಾರು ಅಪರಾಧ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. 1970ರ ದಶಕದಲ್ಲಿ ವ್ಯೋಮಿಂಗ್ ರಾಜ್ಯದ ಕಲ್ಲಿದ್ದಲು ಪಟ್ಟಣ ಜಿಲೆಟ್‌ನ ಹೆಸರನ್ನೇ ಇಂಥ ಕೇಡಿಗೆ ಇಟ್ಟು ‘ಜಿಲೆಟ್ ಸಿಂಡ್ರೋಮ್’ ಎಂದಾಗಲೂ, ಅದಕ್ಕೆ ಆಧಾರ ತೀರಾ ತೆಳುವಾಗಿದೆ ಎಂದು ಸಮಾಜಶಾಸ್ತ್ರಜ್ಞರು 1982ರಲ್ಲಿ ಎಚ್ಚರಿಸಿದ್ದರು. ಆದರೂ ಒಂದೇ ಅವಧಿಯಲ್ಲಿ ಇಲ್ಲಿ ಏರಿ ಪಕ್ಕದಲ್ಲಿ ಇಳಿದದ್ದನ್ನು ಲೆಕ್ಕದ ದೋಷವೆಂದಷ್ಟೇ ಹೇಳಿ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನನ್ನು ಹೆಚ್ಚು ಕೆರಳಿಸುವ ಸಂಗತಿ ಹಣದ್ದು. ತೈಲ ತೆರಿಗೆಯ ಶೇ 30ರಷ್ಟನ್ನು ‘ಲೆಗಸಿ ಫಂಡ್’ ಎಂಬ ನಿಧಿಯಲ್ಲಿ ಕೂಡಿಡಲು ಆ ರಾಜ್ಯದ ಮತದಾರರು 2010ರಲ್ಲಿ ಒಪ್ಪಿಗೆ ಕೊಟ್ಟರು. 2017ರವರೆಗೆ ಅದರ ಅಸಲನ್ನು ಮುಟ್ಟುವಂತಿರಲಿಲ್ಲ. ಮುಂದಿನ ಪೀಳಿಗೆಗೆಂದು ಉಳಿಸುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ತೈಲ ಹರಿಯುತ್ತಿದ್ದ ಊರುಗಳಲ್ಲೇ ಜೈಲು ತುಂಬಿ, ಪೊಲೀಸರು ಸಾಲದೆ ಇದ್ದ ಅದೇ ವರ್ಷಗಳಲ್ಲಿ ಆ ದುಡ್ಡಿಗೆ ಬೀಗ ಹಾಕಿದ್ದು ಎಷ್ಟು ಸರಿ?

ಈ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಬಾಕೆನ್‌ನ ನಡುವೆಯೇ ಇರುವ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶ ಮಂಡನ್, ಹಿಡಾಟ್ಸಾ, ಅರಿಕಾರಾ ಬುಡಕಟ್ಟುಗಳ ನೆಲ. ಮೂಲನಿವಾಸಿಯಲ್ಲದವನು ಅಲ್ಲಿ ಅಪರಾಧ ಎಸಗಿದರೆ ಬುಡಕಟ್ಟಿನ ನ್ಯಾಯಾಲಯ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ತೀರ್ಪು ಕೊಟ್ಟಿತ್ತು. ಕ್ಯಾಂಪಿನಿಂದ ಬಂದವನೊಬ್ಬ ಅಲ್ಲಿನ ಹೆಣ್ಣುಮಗಳ ಮೇಲೆ ಕೈಮಾಡಿದರೆ ಬುಡಕಟ್ಟಿನ ಪೊಲೀಸರು ಅವನನ್ನು ತಡೆದು ನಿಲ್ಲಿಸಬಹುದಿತ್ತು, ಆದರೆ ಮೊಕದ್ದಮೆ ಹೂಡಲು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ವಕೀಲರನ್ನೇ ಕಾಯಬೇಕಿತ್ತು. 2013ರ ಕಾನೂನು ಈ ಗೋಡೆಯಲ್ಲಿ ಒಂದು ಕಿಂಡಿ ತೆರೆಯಿತು, ಅದೂ ಮುಖ್ಯವಾಗಿ ಗಂಡ ಅಥವಾ ಸಂಗಾತಿ ಎಸಗಿದ ಹಿಂಸೆಗೆ. ಗುರುತು ಪರಿಚಯವಿಲ್ಲದವನ ಲೈಂಗಿಕ ದೌರ್ಜನ್ಯವನ್ನೂ ಬುಡಕಟ್ಟಿನ ನ್ಯಾಯಾಲಯದ ವ್ಯಾಪ್ತಿಗೆ ತಂದ ತಿದ್ದುಪಡಿ ಬಂದದ್ದು 2022ರಲ್ಲಿ. ತೈಲದ ಬೆಲೆ ಕುಸಿದು, ವಿಲಿಸ್ಟನ್ ಪಟ್ಟಣದ ಆಡಳಿತ ತನ್ನ ವ್ಯಾಪ್ತಿಯ ಕ್ಯಾಂಪುಗಳನ್ನು ಮುಚ್ಚಿಸಬೇಕೆಂದು ನಿರ್ಣಯಿಸಿ, ಆಗಲೇ ಆರೇಳು ವರ್ಷ ಕಳೆದಿದ್ದವು.